ನಾಯಿಗೂ ಬಾಡಿಗೆ

ಸಮುದ್ರದ ದಡದಲ್ಲಿ ಒಂದು ವಾರಕ್ಕೆ ಮನೆ ಹುಡುಕುವಾಗ ಬಾಡಿಗೆ ಮನೆಗಳ ವೆಬ್‌ಸೈಟಿನಲ್ಲಿ ಒಂದೊಂದೇ ಚೌಕಕ್ಕೆ ಟಿಕ್ ಹಾಕುತ್ತಾ ಹೋಗಬೇಕು. ಆರು ಬೆಡ್‌ರೂಮು ಬೇಕು, ಟಿಕ್. ಸಮುದ್ರದ ಎದುರಿಗೇ ಇರಬೇಕು, ಟಿಕ್. ಆಗಲೂ ಬೇಕಾದಷ್ಟು ಮನೆ ಉಳಿದಿರುತ್ತವೆ. ಜೊತೆಗೆ ನಾಯಿಯೂ ಬರುತ್ತದೆ ಅಂತ ಇನ್ನೊಂದು ಟಿಕ್ ಹಾಕಿ ನೋಡಿ. ಬಿಳಿ ಸೋಫಾದ ಮನೆಗಳೆಲ್ಲ ಮಾಯ. ಗಾಜಿನ ಟೀಪಾಯಿ, ಹಾಲಿನ ಬಣ್ಣದ ಕಾರ್ಪೆಟ್ಟು, ಮೂಲೆಯಲ್ಲಿ ನಿಂತ ಉದ್ದ ಕುತ್ತಿಗೆಯ ಹೂದಾನಿ, ಎಲ್ಲ ಹೋಗುತ್ತವೆ. ಉಳಿಯುವುದು ಸ್ವಲ್ಪ ಹಳೆಯ ಮನೆಗಳು. ನೆಲಕ್ಕೆ ವಿನೈಲು, ಸೋಫಾಗೆ ಒಗೆಯಬಹುದಾದ ಹೊದಿಕೆ, ಊಟದ ಮೇಜಿನ ಮೇಲೆ ಹಿಂದೆ ಯಾರೋ ಬಿಸಿ ಪಾತ್ರೆ ಇಟ್ಟ ದುಂಡನೆಯ ಕಲೆ.

ನನಗೆ ಇಷ್ಟ ಆಗುವುದೇ ಈ ಮನೆಗಳು. ನಾಯಿಯನ್ನು ತಾಳಿಕೊಳ್ಳುವ ಮನೆ ಮನುಷ್ಯರನ್ನೂ ತಾಳಿಕೊಳ್ಳುತ್ತದೆ. ಅದರಲ್ಲೂ ಅರಿಶಿನ ಬಳಸುವ ಮನುಷ್ಯರನ್ನು. ಬಿಳಿ ಸೋಫಾದ ಮನೆಯಲ್ಲಿ ನಾವೂ ಒಮ್ಮೆ ಇದ್ದೆವು. ಮಕ್ಕಳಿಗೆ ಚಿತ್ರಾನ್ನ ಕೊಟ್ಟು ಹೆತ್ತವರು ಪಕ್ಕದಲ್ಲಿ ಕಾವಲು ನಿಲ್ಲಬೇಕಿತ್ತು. ಅದಕ್ಕಿಂತ, ಹಿಂದೆ ಯಾವುದೋ ನಾಯಿ ಬಾಗಿಲ ಚೌಕಟ್ಟನ್ನು ಕೆರೆದು ಹೋದ ಮನೆಯೇ ವಾಸಿ, ಅಲ್ವಾ? ಆ ಗೀರು ನೋಡಿದ ಕೂಡಲೇ ಮೈ ಹಗುರ ಆಗುತ್ತದೆ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ, ರಾಲಿ ಪಕ್ಕದ ಕೇರಿ ಎಂಬ ಊರಿನಲ್ಲಿ. ಇಲ್ಲಿಯ ಕನ್ನಡದ ಕೆಲವು ಮನೆಯವರು ಸೇರಿ ಬೇಸಿಗೆಯಲ್ಲಿ ಔಟರ್ ಬ್ಯಾಂಕ್ಸ್‌ಗೆ ಹೋಗುತ್ತೇವೆ. ಭೂಪಟದಲ್ಲಿ ನೋಡಿದರೆ ಇದು ಊರಲ್ಲ, ಗೀಟು. ಮುಖ್ಯ ನೆಲದಿಂದ ದೂರ, ಅಟ್ಲಾಂಟಿಕ್ ಸಾಗರದೊಳಗೆ ಸುಮಾರು 320 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಮರಳಿನ ದ್ವೀಪಗಳ ಸಾಲು. ಒಂದು ಕಡೆ ಸಾಗರ, ಇನ್ನೊಂದು ಕಡೆ ಹಿನ್ನೀರು, ನಡುವೆ 12ನೇ ನಂಬರಿನ ರಸ್ತೆ. ಪೀ ದ್ವೀಪದ ಹತ್ತಿರ ಕಾರಿನಿಂದ ಎರಡೂ ಕಡೆ ನೀರು ಕಂಡಾಗ, ಕುಂದಾಪುರದಿಂದ ಬಂದಿದ್ದ ನಮ್ಮತ್ತೆ, "ಇದ್ ನಮ್ ಮರವಂತೆಯೇ ಅಲ್ದಾ?" ಅಂದರು. ಹೌದು, ಅದೇ. ಅಲ್ಲಿ ಸೌಪರ್ಣಿಕಾ, ಇಲ್ಲಿ ಪಾಮ್ಲಿಕೊ ಹಿನ್ನೀರು. ಇಷ್ಟು ದೂರ ಹಾರಿ ಬಂದದ್ದು ಇದನ್ನು ನೋಡಲಿಕ್ಕಾ ಅಂತ ಅವರು ಕೇಳಲಿಲ್ಲ, ಆದರೆ ಮುಖದಲ್ಲಿ ಇತ್ತು.

ಇಲ್ಲಿಯ ಮನೆಗಳ ಚಂದವೇ ಬೇರೆ. ಎಲ್ಲ ಮರದವು, ಎಲ್ಲ ಎತ್ತರದ ಮರದ ಕಂಬಗಳ ಮೇಲೆ. ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿಯಲು ನಿಂತವರ ಹಾಗೆ ಸಾಲಾಗಿ ನಿಂತಿರುತ್ತವೆ. ಬಿರುಗಾಳಿಗೆ ನೀರು ಏರಿದರೆ ಕಂಬದ ಸಂದಿಯಲ್ಲಿ ಹಾದು ಹೋಗಲಿ ಅಂತ ಈ ಏರ್ಪಾಡು. ಉಳಿದ ದಿನ ಆ ಸಂದಿಯಲ್ಲಿ ಕಾರು ನಿಲ್ಲಿಸುತ್ತಾರೆ. ಮನೆಯೊಳಗೆ ಎಲ್ಲ ತಲೆಕೆಳಗು: ಮಲಗುವ ಕೋಣೆಗಳು ಕೆಳಗೆ, ಕೂರುವ ಹಾಲ್ ಮತ್ತು ಅಡುಗೆಮನೆ ಎಲ್ಲಕ್ಕಿಂತ ಮೇಲೆ. ಮರಳ ದಿಬ್ಬದಾಚೆಯ ಸಮುದ್ರ ಮೇಲಿನಿಂದ ಮಾತ್ರ ಕಾಣುವುದು, ಅದಕ್ಕೆ. ಲಾಜಿಕ್ಕು ಸರಿಯಾಗಿಯೇ ಇದೆ. ಆದರೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆ, ಇಡ್ಲಿ ಹಿಟ್ಟಿನ ಬಕೆಟ್ಟು, ಎರಡು ಕುಕ್ಕರ್, ಒಂದು ಮಿಕ್ಸಿ, ಇವನ್ನೆಲ್ಲ ಮೂರನೇ ಮಹಡಿಗೆ ಹೊತ್ತವರ ಹತ್ತಿರ ಲಾಜಿಕ್ ಮಾತಾಡಬಾರದು. ಪ್ರತಿ ಮನೆಗೂ ಬೋರ್ಡಿನ ಮೇಲೆ ಒಂದು ಹೆಸರು ಇರುತ್ತದೆ, ಹೆಚ್ಚಿನವು ಸಮುದ್ರದ ಮೇಲೆ ಕಟ್ಟಿದ ಜೋಕುಗಳು. ನಮ್ಮ ಕಡೆಯ 'ಮಾತೃಕೃಪಾ', 'ಗುರುಪ್ರಸಾದ'ಗಳ ಗಾಂಭೀರ್ಯ ಇಲ್ಲ.

ನಾಯಿ ಅಂದೆನಲ್ಲ, ಅದು ನಮ್ಮದಲ್ಲ, ಗುಂಪಿನಲ್ಲಿರುವ ಒಬ್ಬ ಗೆಳೆಯರದು. ತಿಳಿ ಹಳದಿ ಲ್ಯಾಬ್ರಡಾರ್. ಬಣ್ಣ ನೋಡಿ ಅವರ ಮಗಳು ಇಟ್ಟ ಹೆಸರು ತುಪ್ಪ. ಮನೆಯಲ್ಲಿ ಮೂರೇ ಜನ ಇದ್ದಾಗ ಈ ಹೆಸರಿನಿಂದ ತೊಂದರೆ ಇರಲಿಲ್ಲವಂತೆ. ಇಷ್ಟು ಜನ ಒಂದೇ ಅಡುಗೆಮನೆಯಲ್ಲಿ ಸೇರಿದಾಗ ಮಾತ್ರ, "ತುಪ್ಪ ಎಲ್ರೀ?" ಅಂತ ಒಬ್ಬರು ಕೂಗಿದರೆ ಡಬ್ಬಿಗಿಂತ ಮೊದಲು ಅದು ಬಂದು ನಿಲ್ಲುತ್ತಿತ್ತು. "ತುಪ್ಪ ಜಾಸ್ತಿ ಆಯ್ತು" ಅಂದರೂ ಬರುತ್ತಿತ್ತು. ಹೋಳಿಗೆ ಬಡಿಸುವ ದಿನ ಪಾಪ ಅದಕ್ಕೆ ಕೂತಲ್ಲಿ ಕೂರಲಿಕ್ಕೆ ಆಗಲಿಲ್ಲ.

ತುಪ್ಪನಿಗೆ ಬಾಡಿಗೆ ಬೇರೆ. ನೂರು ಡಾಲರಿಗೂ ಮೇಲೆ, ವಾಪಸ್ಸು ಬರುವ ದುಡ್ಡಲ್ಲ. "ನಾಯಿಗೂ ಬಾಡ್ಗಿ ಕೊಡ್ಕಾ?" ಅಂತ ಅತ್ತೆ ಕಣ್ಣು ಅಗಲಿಸಿದರು. ಅವರ ಮನೆಯಲ್ಲಿ ನಾಯಿ ಅಂಗಳ ಕಾಯುತ್ತದೆ, ಸಂಬಳ ಕೇಳುವುದಿದ್ದರೆ ಅದೇ ಕೇಳಬೇಕು. ಫ್ರಿಜ್ಜಿನ ಬಾಗಿಲಿಗೆ ನಾಯಿಯ ನಿಯಮಗಳ ಹಾಳೆ ಅಂಟಿಸಿದ್ದರು. ಮಂಚ ಹತ್ತಬಾರದು. ಒಂಟಿಯಾಗಿ ಬಿಟ್ಟು ಹೋಗಬಾರದು. ಜೋರಾಗಿ ಬೊಗಳಬಾರದು. ಹೊರಗಿನ ಶವರಿನಲ್ಲಿ ಕಾಲಿನ ಮರಳು ತೊಳೆದೇ ಒಳಗೆ ಬರಬೇಕು. ನಾನು ಅದನ್ನು ಓದುತ್ತಾ ನಮ್ಮವರ ಕಡೆ ನೋಡಿದೆ. ಮರಳು ಮೆತ್ತಿದ ಕಾಲಿನಲ್ಲಿ ಮೂರು ಮಹಡಿ ಹತ್ತಿ ಬಂದವರು ಮಕ್ಕಳು. ರಾತ್ರಿ ಒಂದು ಗಂಟೆಗೆ ಡೆಕ್ಕಿನ ಮೇಲೆ ಅಂತ್ಯಾಕ್ಷರಿ ಹಾಡಿದವರು ಗಂಡಸರು. ಹಾಳೆಯಲ್ಲಿ ಇದ್ದದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದು ತುಪ್ಪ ಒಂದೇ. ಈ ಹೆಚ್ಚಿನ ಬಾಡಿಗೆ ಯಾರ ಹೆಸರಿನಲ್ಲಿ ತಗೊಳ್ಳಬೇಕು ಅನ್ನುವುದನ್ನು ಈ ಮನೆ ಮಾಲೀಕರು ಸ್ವಲ್ಪ ಯೋಚಿಸಬೇಕು.

ಮನೆಯ ನಿಯಮ ಆಯಿತು, ಬೀಚಿನ ನಿಯಮ ಬೇರೆ. ಈ ಗೀಟಿನಂಥ ದ್ವೀಪದಲ್ಲಿ ಪಕ್ಕಪಕ್ಕದ ಊರುಗಳಿಗೆ ನಾಯಿಯ ಬಗ್ಗೆ ಒಮ್ಮತ ಇಲ್ಲ. ಡಕ್ ಎಂಬ ಊರಿನಲ್ಲಿ ನಾಯಿ ಮಾತು ಕೇಳುವಂತಿದ್ದರೆ ಹಗ್ಗವೇ ಬೇಡ, ವರ್ಷವಿಡೀ ಓಡಾಡಬಹುದು. ನ್ಯಾಗ್ಸ್ ಹೆಡ್‌ನಲ್ಲಿ ಹತ್ತು ಅಡಿಗಿಂತ ಉದ್ದದ ಹಗ್ಗ ಕೂಡದು. ಇವೆರಡರ ನಡುವಿನ, ನಾವು ಉಳಿದಿದ್ದ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಬೀಚಿಗೆ ಕರೆದುಕೊಂಡು ಹೋಗುವ ಹಾಗೇ ಇಲ್ಲ. ಅಂದರೆ ಅಲೆಯ ಅಂಚಿನಲ್ಲಿ ನಡೆಯುತ್ತಾ ಹೋದ ನಾಯಿ, ಊರಿನ ಗಡಿ ದಾಟಿದ ಗಳಿಗೆಯಲ್ಲಿ ಅಪರಾಧಿ. ಗಡಿ ಎಲ್ಲಿದೆ ಅಂತ ಮರಳಿನ ಮೇಲೆ ಗೆರೆ ಎಳೆದಿರುವುದಿಲ್ಲ, ಎಳೆದರೂ ಮುಂದಿನ ಅಲೆಗೆ ಹೋಗುತ್ತದೆ.

ಒಂದು ರೀತಿಯಲ್ಲಿ ಈ ಸಮಯದ ನಿಯಮದಿಂದ ನಮಗೆ ಉಪಕಾರವೇ ಆಯಿತು. ಮಧ್ಯಾಹ್ನದ ಮರಳು ಕಾಲು ಸುಡುತ್ತದೆ, ನಾಯಿಯ ಪಾದವನ್ನಂತೂ ಇನ್ನೂ ಬೇಗ. ಹಾಗಾಗಿ ತುಪ್ಪನ ವಾಕಿಂಗು ಬೆಳಗಾಗುವ ಮುಂಚೆ, ಮತ್ತೆ ಕತ್ತಲಾದ ಮೇಲೆ. ಕತ್ತಲಾದ ಮೇಲೆ ಹೋಗುವುದಕ್ಕೆ ನನಗೂ ಇಷ್ಟ, ಕಾರಣ ಏಡಿಗಳು. ಇಲ್ಲಿ ಮರಳಿನದೇ ಬಣ್ಣದ ಒಂದು ಏಡಿ ಇದೆ. ಹಗಲು ಬಿಲದಲ್ಲಿ ಇರುತ್ತದೆ, ರಾತ್ರಿ ಹೊರಗೆ ಬರುತ್ತದೆ. ಟಾರ್ಚ್ ಹಾಕಿದರೆ ಕಡ್ಡಿಯ ತುದಿಯ ಮೇಲಿಟ್ಟಂತಿರುವ ಎರಡು ಕರಿ ಕಣ್ಣು ನೆಟ್ಟಗೆ ಎದ್ದು ನಿಮ್ಮನ್ನೇ ನೋಡುತ್ತವೆ. ಮೈ ಅಲ್ಲಾಡುವುದಿಲ್ಲ. ತುಪ್ಪ ಮೂಗು ಚಾಚಿ ಇನ್ನೇನು ಮುಟ್ಟಬೇಕು, ಏಡಿ ಇರುವುದಿಲ್ಲ. ಎಡಕ್ಕೆ ಒಂದು ಗಜ ಆಚೆ ನಿಂತಿರುತ್ತದೆ. ನಾಯಿಗೆ ಮುಂದಕ್ಕೆ ಓಡಲು ಗೊತ್ತು, ಏಡಿಗೆ ಅಡ್ಡಕ್ಕೆ. ಕೊನೆಗೆ ಏಡಿ ಬಿಲಕ್ಕೆ ಇಳಿಯುತ್ತದೆ, ತುಪ್ಪ ಬಿಲಕ್ಕೆ ಮೂಗು ತೂರಿಸಿ, ಸೀನಿ, ಮುಖದ ತುಂಬ ಮರಳು ಮಾಡಿಕೊಂಡು ನಮ್ಮ ಕಡೆ ನೋಡುತ್ತದೆ. ನಾವು ಹಿಡಿದು ಕೊಡಬೇಕು ಅಂತ ಅದರ ನಿರೀಕ್ಷೆ. ಉಪ್ಪುನೀರು ಕುಡಿಯದ ಹಾಗೆ ಮಾತ್ರ ನೋಡಿಕೊಳ್ಳಬೇಕು. ಕುಡಿದರೆ ಆ ರಾತ್ರಿ ಮನೆಯವರಿಗೆಲ್ಲ ಜಾಗರಣೆ, ವಿವರ ಬೇಡ.

ಮನೆಯಲ್ಲಿ ಆದ ಒಂದೇ ಒಂದು ಗಲಾಟೆ ಒಗ್ಗರಣೆಯದು. ಬೆಳಿಗ್ಗೆ ಉಪ್ಪಿಟ್ಟಿಗೆ ಎಣ್ಣೆ ಕಾದು, ಬ್ಯಾಡಗಿ ಮೆಣಸಿನಕಾಯಿ ಬಿದ್ದದ್ದೇ ತಡ, ಹೊಗೆಯ ಅಲಾರಂ ಹೊಡೆದುಕೊಂಡಿತು. ಒಂದು ಹೊಡೆದರೆ ಎಲ್ಲ ಮಹಡಿಯವೂ ಹೊಡೆದುಕೊಳ್ಳುವ ವ್ಯವಸ್ಥೆ. ಒಬ್ಬರು ಟವೆಲ್ ಬೀಸಿದರು, ಒಬ್ಬರು ಬಾಗಿಲು ತೆಗೆದರು, ಕೆಳಗಿನಿಂದ ಮಲಗಿದ್ದವರೆಲ್ಲ ಎದ್ದು ಬಂದರು. ಅತ್ತೆ ಮಾತ್ರ ಕದಲದೆ ರವೆ ಹುರಿಯುತ್ತಿದ್ದರು. ಎಲ್ಲ ತಣ್ಣಗಾದ ಮೇಲೆ ನೋಡಿದರೆ ತುಪ್ಪ ಇಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಬಚ್ಚಲುಮನೆಯ ಟಬ್ಬಿನಲ್ಲಿ.

ಆ ದಿನ ಮಧ್ಯಾಹ್ನವೇ ಮಕ್ಕಳನ್ನು ಕರೆದುಕೊಂಡು ರೈಟ್ ಸಹೋದರರ ಸ್ಮಾರಕ ನೋಡಲು ಹೋದೆವು. ಅದು ಕಿಲ್ ಡೆವಿಲ್ ಹಿಲ್ಸ್‌ನಲ್ಲೇ ಇದೆ. ಅವರೂ ಈ ದಡಕ್ಕೆ ಬಂದದ್ದು ಗಾಳಿ ಮತ್ತು ಮರಳಿಗಾಗಿ. ಗಾಳಿ ಹಾರಲಿಕ್ಕೆ, ಮರಳು ಬೀಳಲಿಕ್ಕೆ. 1900ರಲ್ಲಿ ಅಣ್ಣ ವಿಲ್ಬರ್ ಮೊದಲು ಉಳಿದದ್ದು ಊರಿನ ಒಬ್ಬರ ಮನೆಯಲ್ಲಿ, ಆಮೇಲೆ ಇಬ್ಬರೂ ಡೇರೆ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಸೊಳ್ಳೆ ಕಾಟ ತಡೆಯಲಾರದೆ ತಮ್ಮ ಆರ್ವಿಲ್ ಮನೆಗೆ ದೊಡ್ಡ ದೂರಿನ ಕಾಗದ ಬರೆದ. 1903ರ ಡಿಸೆಂಬರ್ 17ರಂದು 12 ಸೆಕೆಂಡು, 120 ಅಡಿ ಹಾರಿದ್ದು ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಅದಕ್ಕೆ ಮೂರು ದಿನ ಮೊದಲಿನ ಕತೆ. ಡಿಸೆಂಬರ್ 14ರಂದು ಯಂತ್ರವನ್ನು ದಿಬ್ಬಕ್ಕೆ ಸಾಗಿಸಲು ಹತ್ತಿರದ ಜೀವರಕ್ಷಕ ಠಾಣೆಯಿಂದ ಕೆಲವು ಗಂಡಸರು ಬಂದರು. ಅವರ ಹಿಂದೆ ಇಬ್ಬರು ಹುಡುಗರು, ಒಂದು ನಾಯಿ. ಎಂಜಿನ್ ಶುರುವಾದ ಸದ್ದಿಗೆ ಹುಡುಗರೂ ನಾಯಿಯೂ ದಿಬ್ಬ ಹಾರಿ ಮನೆ ಕಡೆ ಪರಾರಿ. ವಿಮಾನ ಆ ದಿನ ಎದ್ದಂತೆ ಮಾಡಿ ಬಿತ್ತು. ಹುಡುಗರ ಹೆಸರು ಹೋಗಲಿ, ನಾಯಿಯ ಹೆಸರನ್ನಾದರೂ ಕಲ್ಲಿನಲ್ಲಿ ಕೆತ್ತಬಹುದಿತ್ತು.

ಸಂಜೆಗಳು ಮೀನಿನವು. ಗುಂಪಿನಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಆದ್ದರಿಂದ ಮೀನಿಗೆ ಕೆಳಗಿನ ಗ್ರಿಲ್ಲು, ಸಾರಿಗೆ ಮೇಲಿನ ಒಲೆ ಅಂತ ಒಪ್ಪಂದ. ಎರಡಕ್ಕೂ ಕಾವಲು ತುಪ್ಪ. ಅತ್ತೆಗೆ ಇಲ್ಲಿನ ಮೀನಿನ ಮೇಲೆ ಅಷ್ಟಾಗಿ ನಂಬಿಕೆ ಬರಲಿಲ್ಲ, ಆದರೆ ಅರೆದ ಮಸಾಲೆ ಹಚ್ಚಿದ ಮೇಲೆ ಯಾವ ಸಮುದ್ರದ್ದಾದರೇನು ಅಂತ ರಾಜಿಯಾದರು.

ಅವರು ಬೇರೆ ಎಲ್ಲರಿಗಿಂತ ಜಾಸ್ತಿ ನೋಡಿದ್ದು ಸಮುದ್ರವನ್ನೇ. ಡೆಕ್ಕಿನ ಮೇಲೆ ಕೂತು, ಮನೆಗೂ ನೀರಿಗೂ ನಡುವಿನ ದೂರವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಕಡಲ್ಕೊರೆತ ನೋಡುತ್ತಲೇ ಬೆಳೆದವರು. ದಕ್ಷಿಣಕ್ಕೆ ಹೋದಾಗ ರೊಡಾಂಥೆ ಎಂಬ ಊರಿನಲ್ಲಿ ಕಂಬಗಳು ಅಲೆಯೊಳಗೇ ನಿಂತಿದ್ದ ಮನೆ ತೋರಿಸಿದೆವು. ಕಟ್ಟಿದಾಗ ಅದರ ಮುಂದೆ ಬೇಕಾದಷ್ಟು ಮರಳು ಇತ್ತು. 2022ರ ಮೇ 10ರಂದು ಒಂದೇ ದಿನ ಈ ಊರಿನ ಎರಡು ಮನೆ ಸಮುದ್ರಕ್ಕೆ ಬಿದ್ದವು. ಅದರಲ್ಲಿ ಒಂದು ನಿಧಾನಕ್ಕೆ ಕಾಲು ಮಡಚಿ ನೀರಿಗೆ ಕೂತದ್ದನ್ನು ಜಗತ್ತೆಲ್ಲ ಫೋನಿನಲ್ಲಿ ನೋಡಿತು. 2020ರಿಂದ ಈಚೆಗೆ ರೊಡಾಂಥೆ, ಬಕ್ಸ್‌ಟನ್ ಕಡೆ ಹೀಗೆ ಹೋದ ಮನೆಗಳು ಇಪ್ಪತ್ತಕ್ಕೂ ಹೆಚ್ಚು.

"ಕಲ್ಲ್ ಹಾಕುದಿಲ್ಯಾ ಇವ್ರ್?" ಅಂತ ಅತ್ತೆ ಕೇಳಿದರು. ಹಾಕುವ ಹಾಗಿಲ್ಲ. ಸಾಗರದ ದಡದಲ್ಲಿ ಕಲ್ಲಿನ, ಕಾಂಕ್ರೀಟಿನ ತಡೆಗೋಡೆ ಕಟ್ಟುವುದಕ್ಕೆ ಈ ರಾಜ್ಯದಲ್ಲಿ ನಿಷೇಧ ಇದೆ. ಗೋಡೆ ಕಟ್ಟಿದರೆ ಅದರ ಹಿಂದಿನ ಮನೆ ಉಳಿದೀತು, ಮುಂದಿನ ಬೀಚು ಹೋಗುತ್ತದೆ ಅನ್ನುವುದು ಅವರ ವಾದ. ಅದರ ಬದಲು ಸಮುದ್ರದ ತಳದಿಂದ ಮರಳು ಪಂಪು ಮಾಡಿ ದಡಕ್ಕೆ ಸುರಿಯುತ್ತಾರೆ. ಇಲ್ಲವಾದರೆ ಮನೆಯನ್ನೇ ಎತ್ತಿ ಹಿಂದಕ್ಕೆ ಇಡುತ್ತಾರೆ. ಮನೆ ಏನು, 1870ರ ಕೇಪ್ ಹ್ಯಾಟರಸ್ ದೀಪಸ್ತಂಭವನ್ನೇ 1999ರಲ್ಲಿ ಬುಡದಿಂದ ಎತ್ತಿ, ಹಳಿಯ ಮೇಲೆ ತಳ್ಳಿಕೊಂಡು 2,900 ಅಡಿ ಒಳಕ್ಕೆ ತಂದು ನಿಲ್ಲಿಸಿದರು. ಅತ್ತೆ ಆ ಕಪ್ಪು ಬಿಳಿ ಪಟ್ಟಿಯ ಗೋಪುರವನ್ನು ಕತ್ತೆತ್ತಿ ನೋಡಿ, "ಅಷ್ಟ್ ಮಾಡೂಕೆ ಆತ್ತ್, ಒಂದ್ ಕಲ್ಲ್ ಹಾಕುಕೆ ಆತಿಲ್ಲ" ಅಂದರು. ನನಗೆ ಎರಡೂ ಕಡೆಯ ಮಾತು ಸರಿ ಅನಿಸಿತು, ಸುಮ್ಮನಿದ್ದೆ.

ಶನಿವಾರದಿಂದ ಶನಿವಾರಕ್ಕೆ ನಮ್ಮ ಬಾಡಿಗೆ. ಬೆಳಿಗ್ಗೆ ಹತ್ತಕ್ಕೆ ಹೊರಡಬೇಕು, ಸಂಜೆ ನಾಲ್ಕಕ್ಕೆ ಮುಂದಿನವರು ಬರುತ್ತಾರೆ. ಬೇಸಿಗೆಯಲ್ಲಿ ದ್ವೀಪದ ಎಷ್ಟೋ ಮನೆಗಳು ಒಂದೇ ದಿನ ಖಾಲಿಯಾಗಿ ಒಂದೇ ದಿನ ತುಂಬುತ್ತವೆ, ಸೇತುವೆಯ ಮೇಲೆ ಕಾರಿಗೆ ಕಾರು ತಾಗುತ್ತದೆ. ನಮ್ಮ ಹೊರಡುವ ಬೆಳಗು ಎಂದಿನಂತೆ ಫ್ರಿಜ್ಜಿನ ಮುಂದೆ ಕಳೆಯಿತು. ಉಳಿದ ಮೊಸರು ಯಾರಿಗೆ, ಅರ್ಧ ಡಬ್ಬಿ ಪುಳಿಯೋಗರೆ ಗೊಜ್ಜು ಯಾರಿಗೆ. "ನೀವು ತಗೊಳ್ರೀ", "ಅಯ್ಯೋ ಬೇಡ, ನೀವೇ ತಗೊಳ್ಳಿ" ಅಂತ ಹತ್ತು ನಿಮಿಷ ಆದ ಮೇಲೆ ಎಲ್ಲ ನಮ್ಮ ಕಾರಿಗೇ ಬಂತು.

ಖರ್ಚಿನ ಲೆಕ್ಕ ಫೋನಿನಲ್ಲಿ ಇತ್ತು. ನಾಯಿಯ ಬಾಡಿಗೆ ತಾನೊಬ್ಬನೇ ಕೊಡುತ್ತೇನೆ ಅಂತ ತುಪ್ಪನ ಯಜಮಾನರು ಹಟ ಹಿಡಿದರು. ಅದು ಎಲ್ಲರ ಮನೆಯ ಇಡ್ಲಿಯನ್ನೂ ತಿಂದಿದೆ, ಹಂಚಿಕೊಳ್ಳೋಣ ಅಂತ ಉಳಿದವರು. ಅತ್ತೆಯ ತೀರ್ಪು ಅಂತಿಮವಾಯಿತು: ಎಲ್ಲರೂ ಹಂಚಿಕೊಳ್ಳಿ, ಆದರೆ ಅಲಾರಂ ಹೊಡೆಸಿದ ಮೆಣಸಿನಕಾಯಿಯ ದುಡ್ಡು ನನ್ನದು. ಅಷ್ಟರಲ್ಲಿ ಮಗ ಲೆಕ್ಕದಲ್ಲಿ ಇನ್ನೊಂದು ಸಾಲು ತೋರಿಸಿದ. 'ತುಪ್ಪ, 22 ಡಾಲರ್' ಅಂತ ಯಾರೋ ಬರೆದಿದ್ದಾರೆ. ಡಬ್ಬಿಯದೋ, ನಾಯಿಯ ಬಿಸ್ಕತ್ತಿನದೋ ಯಾರೂ ಒಪ್ಪಿಕೊಳ್ಳುತ್ತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಅದರ ಚರ್ಚೆ ಈಗಲೂ ನಡೆಯುತ್ತಿದೆ.