ಸ್ಟೀರಾಯ್ಡ್ ಚೀಟಿ ಬರೆದ ದಿನವೇ ಮೂಳೆಯ ಮಾತೂ ಆಗಲಿ

ಸ್ಟೀರಾಯ್ಡ್ ಮಾತ್ರೆ ಅಂದ ಕೂಡಲೇ ಜನ ಕೇಳೋದು, "ಮುಖ ಊದುತ್ತಾ? ದಪ್ಪ ಆಗ್ತೀನಾ? ಶುಗರ್ ಬರುತ್ತಾ?" ಮೂಳೆಯ ಬಗ್ಗೆ ಕೇಳಿದವರನ್ನು ನಾನು ಕಂಡಿದ್ದು ಅಪರೂಪ. ಅದರಲ್ಲಿ ರೋಗಿಗಳ ತಪ್ಪೇನಿಲ್ಲ. ಊದಿದ ಮುಖ ಕನ್ನಡಿಯಲ್ಲಿ ಕಾಣುತ್ತದೆ, ಸಕ್ಕರೆ ರಕ್ತಪರೀಕ್ಷೆಯಲ್ಲಿ ಸಿಗುತ್ತದೆ. ಮೂಳೆ ಒಳಗೊಳಗೇ ಸವೆಯುವುದು ಮಾತ್ರ ಎಷ್ಟೋ ಸಲ ಮುರಿದ ಮೇಲೇ ಗೊತ್ತಾಗುವುದು.

ನಮ್ಮ ಚಿಕ್ಕಮ್ಮ ಸಂಧಿವಾತಕ್ಕೆ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ತಗೊಂಡರು. ಒಂದು ದಿನ ಅರ್ಧ ತುಂಬಿದ ಬಕೆಟ್ ಎತ್ತುವಾಗ ಬೆನ್ನಲ್ಲಿ ಛಳಕ್ ಅಂತು. "ಏನಿಲ್ಲ ಕಣೋ, ಉಳುಕಿರಬೇಕು" ಅಂತ ವಾರಗಟ್ಟಲೆ ಮುಲಾಮು ಹಚ್ಚಿಕೊಂಡರು. ಕೊನೆಗೆ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಒಂದು ತುಂಡು ಮುಂಭಾಗದಲ್ಲಿ ಜಜ್ಜಿಹೋಗಿತ್ತು. ಅಷ್ಟು ವರ್ಷಗಳಲ್ಲಿ ಅವರ ಮೂಳೆ ಎಷ್ಟು ಗಟ್ಟಿ ಇದೆ ಅಂತ ಯಾರೂ ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ.

ಹಾಗಂತ ಈ ಔಷಧಿಯನ್ನು ಬೈಯುವವನು ನಾನಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ನಡೆದಾಡಲೂ ಕಷ್ಟಪಡುತ್ತಿದ್ದ ಹೆಣ್ಣುಮಗಳಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ನನ್ನ ಸಂಕಟ ಬೇರೆ. ದೇಹವೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಹೆಚ್ಚಾಗುವ ಕಾಯಿಲೆಯನ್ನು ಅಮೆರಿಕದ ವೈದ್ಯ ಹಾರ್ವಿ ಕುಷಿಂಗ್ 1932ರಲ್ಲಿ ವಿವರಿಸಿದಾಗಲೇ ಮೂಳೆ ದುರ್ಬಲವಾಗುವುದನ್ನೂ ಬರೆದಿದ್ದರು. ಅಂದರೆ ಮಾತ್ರೆ ಬರುವ ಮೊದಲೇ ಅಪಾಯ ಗೊತ್ತಿತ್ತು. ಇಷ್ಟು ಹಳೆಯ ತಿಳಿವಳಿಕೆ ಇವತ್ತಿಗೂ ಚೀಟಿಯ ಮೇಲೆ ಬರದೇ ಉಳಿದರೆ ಹೇಗೆ?

ಒಳಗೆ ನಡೆಯುವುದೇನು ನೋಡಿ. ಮೂಳೆಯಲ್ಲಿ ಹಳೆಯದನ್ನು ಕೆಡವುವ ಕೋಶಗಳಿವೆ (ಆಸ್ಟಿಯೋಕ್ಲಾಸ್ಟ್), ಹೊಸದನ್ನು ಕಟ್ಟುವ ಕೋಶಗಳಿವೆ (ಆಸ್ಟಿಯೋಬ್ಲಾಸ್ಟ್). ಗಟ್ಟಿ ಮೂಳೆಯೊಳಗೆ ಹುದುಗಿಕೊಂಡು ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ರಿಪೇರಿ ಬೇಕು ಅಂತ ಸುದ್ದಿ ಮುಟ್ಟಿಸುವ ಆಸ್ಟಿಯೋಸೈಟ್‌ಗಳಿವೆ. ಮೂಳೆಯ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇವೇ. ಸ್ಟೀರಾಯ್ಡ್ ಹೆಚ್ಚಾದರೆ, ಕಟ್ಟುವ ಕೋಶವಾಗಬೇಕಿದ್ದ ಮೂಲಕೋಶಗಳು ಕೊಬ್ಬಿನ ಕೋಶಗಳಾಗುವ ಕಡೆ ವಾಲುತ್ತವೆ. ಇರುವ ಆಸ್ಟಿಯೋಬ್ಲಾಸ್ಟ್‌ಗಳು ಬೇಗ ಸಾಯುತ್ತವೆ. ಕೆಡವುವ ಕೋಶಗಳ ಆಯಸ್ಸೋ, ಶುರುವಿನ ತಿಂಗಳುಗಳಲ್ಲಿ ಹೆಚ್ಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಆಸ್ಟಿಯೋಸೈಟ್‌ಗಳ ಸಾವು. ಅವು ಸತ್ತರೆ ರಿಪೇರಿಗೆ ಕರೆಯುವವರೇ ಇಲ್ಲ. ಸ್ಕ್ಯಾನ್‌ನಲ್ಲಿ ಸಾಂದ್ರತೆ ಅಷ್ಟೇನೂ ಇಳಿಯದಿದ್ದರೂ ಮೂಳೆ ಮುರಿಯುವುದಕ್ಕೆ ಇದೂ ಒಂದು ಕಾರಣ. ಇದರ ಜೊತೆಗೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದು ಕಮ್ಮಿಯಾಗುತ್ತದೆ, ಮೂತ್ರದಲ್ಲಿ ಹೋಗುವುದು ಜಾಸ್ತಿಯಾಗುತ್ತದೆ. ತೊಡೆಯ ಸ್ನಾಯು ಸೊರಗಿ ಬೀಳುವ ಭಯ ಬೇರೆ.

ಮುರಿಯುವ ಅಪಾಯ ಮೊದಲ 3ರಿಂದ 6 ತಿಂಗಳಲ್ಲೇ ಏರುತ್ತದೆ. "ಇನ್ನೂ ಒಂದು ವರ್ಷ ಆಗಲಿ, ನೋಡೋಣ" ಅನ್ನುವ ಮಾತು ನನಗೆ ಸಿಟ್ಟು ತರಿಸುವುದು ಅದಕ್ಕೇ. ದಿನಕ್ಕೆ 2.5 ಮಿ.ಗ್ರಾಂ. ಅಥವಾ ಹೆಚ್ಚು ಪ್ರೆಡ್ನಿಸೊಲೋನ್ 3 ತಿಂಗಳಿಗಿಂತ ಹೆಚ್ಚು ಕಾಲ ಬೇಕಾಗುವುದಾದರೆ ಶುರುವಿನಲ್ಲೇ ಮೂಳೆಯ ಅಪಾಯ ಅಳೆಯಬೇಕು ಅನ್ನುತ್ತದೆ ಸಂಧಿವಾತ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿಯ ಮಾರ್ಗಸೂಚಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ. ಡಾಕ್ಟರನ್ನು ನೇರವಾಗಿ ಕೇಳಿ: "ಇದಕ್ಕಿಂತ ಕಮ್ಮಿ ಡೋಸ್‌ನಲ್ಲಿ ಆಗುತ್ತಾ? ಸ್ಟೀರಾಯ್ಡ್ ಇಳಿಸಲು ಮೆಥೋಟ್ರೆಕ್ಸೇಟ್‌ನಂಥ ಬೇರೆ ಔಷಧಿ ಇದೆಯಾ? ನನ್ನ ಮೂಳೆಗೆ ಏನು ಮಾಡ್ತೀರಿ?"

ಕ್ಯಾಲ್ಸಿಯಂ (ಆಹಾರವೂ ಸೇರಿ ದಿನಕ್ಕೆ 1000ದಿಂದ 1200 ಮಿ.ಗ್ರಾಂ.) ಮತ್ತು ವಿಟಮಿನ್ ಡಿ ಬೇಕೇ ಬೇಕು. ಆದರೆ ಅಪಾಯ ಹೆಚ್ಚಿರುವವರಿಗೆ ಅಷ್ಟೇ ಸಾಲದು. ಅಲೆಂಡ್ರೊನೇಟ್‌ನಂಥ ಬಿಸ್ಫಾಸ್ಫೊನೇಟ್‌ಗಳು ಕೆಡವುವ ಕೋಶಗಳಿಗೆ ಕಡಿವಾಣ ಹಾಕುತ್ತವೆ. ವಾರಕ್ಕೊಂದು ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೆಗೆ, ತುಂಬ ಒಂದು ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಹೀಗೆ ಮಾಡದಿದ್ದರೆ ಅನ್ನನಾಳ ಹುಣ್ಣಾಗಬಹುದು, ಔಷಧಿಯೂ ಮೈಗೆ ಹತ್ತುವುದಿಲ್ಲ. ಟೆರಿಪ್ಯಾರಟೈಡ್ ದಿನಾ ಚುಚ್ಚಿಕೊಳ್ಳುವ ಇಂಜೆಕ್ಷನ್. ಅದು ಕಟ್ಟುವ ಕೋಶಗಳನ್ನೇ ಹುರಿದುಂಬಿಸುತ್ತದೆ, ಹಾಗಾಗಿ ಸ್ಟೀರಾಯ್ಡ್ ಮಾಡುವ ಹಾನಿಗೆ ನೇರ ಉತ್ತರ ಅಂತ ನನಗನ್ನಿಸುತ್ತದೆ. ಎಲ್ಲರಿಗೂ ಅದೇ ಬೇಕು ಅಂತಲ್ಲ, ಯಾರಿಗೆ ಯಾವುದು ಅಂತ ಡಾಕ್ಟರೇ ತೀರ್ಮಾನಿಸಬೇಕು. ನಡಿಗೆ, ಕಾಲಿನ ಸ್ನಾಯುಗಳ ವ್ಯಾಯಾಮ ಇರಲಿ. ಸಿಗರೇಟು ಬಿಡಲೇಬೇಕು.

ಇಷ್ಟು ಓದಿ ಹೆದರಿ ಇವತ್ತೇ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಬಹುಕಾಲ ತಗೊಂಡವರ ಅಡ್ರಿನಲ್ ಗ್ರಂಥಿ (ಮೂತ್ರಪಿಂಡದ ಮೇಲೆ ಕೂತಿರುವ ಗ್ರಂಥಿ) ಕಾರ್ಟಿಸಾಲ್ ಮಾಡುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿರುತ್ತದೆ. ದಿಢೀರ್ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಡಾಕ್ಟರ್ ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಇನ್ನೊಂದು ವಿಷಯ, ಇದು ವಯಸ್ಸಾದವರಿಗಷ್ಟೇ ಅಲ್ಲ. ಹೆಚ್ಚು ಡೋಸ್ ತಗೊಂಡವರಲ್ಲಿ ತೊಡೆಮೂಳೆಯ ತಲೆಭಾಗವೇ ಸಾಯುವುದುಂಟು, ಮೂವತ್ತರ ಹರೆಯದಲ್ಲೂ. ಸ್ಟೀರಾಯ್ಡ್ ತಗೊಂಡು ಕೆಲವು ತಿಂಗಳಾದ ಮೇಲೆ ತೊಡೆಸಂದಿಯಲ್ಲಿ ನೋವು ಶುರುವಾದರೆ, ಎಕ್ಸ್‌ರೇ ಸರಿಯಿದೆ ಅಂತ ಸುಮ್ಮನಾಗಬೇಡಿ. ಶುರುವಿನ ಹಂತ ಸಾಮಾನ್ಯವಾಗಿ ಎಂಆರ್‌ಐನಲ್ಲೇ ಕಾಣುವುದು. ಹಿಂದೆ ಯಾವ ಸ್ಟೀರಾಯ್ಡ್, ಎಷ್ಟು ದಿನ ತಗೊಂಡಿದ್ದಿರಿ ಅನ್ನುವುದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.