ಗೋಡೆಯ ಆಚೆ ಬೀಡಿ ಬ್ರಾಂಚು

ಬೆಳಿಗ್ಗೆಯೇ ತಲೆ ಕೆಟ್ಟಿದೆ. ಸ್ಕೂಟರಿನಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಕುಂಬಳೆ ಕಡೆಗೆ ಸರ್ವಿಸ್ ರಸ್ತೆಯಲ್ಲಿ ಬರುತ್ತಿದ್ದೆ. ಹೆದ್ದಾರಿಯ ನಡುವಿನ ಕಾಂಕ್ರೀಟ್ ಗೋಡೆ ಹತ್ತುತ್ತಿದ್ದರು ಒಬ್ಬ ಅಜ್ಜಿ. ಮೊದಲು ಬೀಡಿ ಕಟ್ಟಿನ ಚೀಲ ಆಚೆ ಇಟ್ಟರು, ಆಮೇಲೆ ಸೀರೆ ಎತ್ತಿ ಒಂದು ಕಾಲು. ಕಾರಿನವನೊಬ್ಬ ಹಾರ್ನ್ ಒತ್ತಿ ಹಿಡಿದುಕೊಂಡೇ ಹೋದ. ಬ್ರೇಕ್ ಒತ್ತಲಿಲ್ಲ ಮಾರಾಯ್ರೆ, ಹಾರ್ನ್ ಮಾತ್ರ!

ಅವರಿಗೆ ಹೋಗಬೇಕಾದದ್ದು ಎದುರೇ ಕಾಣುವ ಬೀಡಿ ಬ್ರಾಂಚಿಗೆ, ಅಂದರೆ ಮನೆಯಲ್ಲಿ ಕಟ್ಟಿದ ಬೀಡಿ ಕೊಟ್ಟು ಎಲೆ ತರುವ ಜಾಗಕ್ಕೆ. ಮೊದಲು ಎರಡು ನಿಮಿಷದ ದಾರಿ. ಈಗ ಅಂಡರ್‌ಪಾಸ್‌ವರೆಗೆ ನಡೆದು, ದಾಟಿ, ಅಷ್ಟೇ ದೂರ ವಾಪಸ್ ಬರಬೇಕು. ಮೊಣಕಾಲು ನೋವಿನವರು ಎಂತ ಮಾಡುವುದು?

ಈ ಹೊಸ ಹೆದ್ದಾರಿ ತಲಪಾಡಿಯಿಂದ ಚೆಂಗಳಕ್ಕೆ 39 ಕಿಲೋಮೀಟರ್, ಆರು ಪಥ. ರಸ್ತೆ ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. ಹಳೆ ರಸ್ತೆಯ ಹೊಂಡಗಳಿಗೆ ಸೊಂಟ ಕೊಟ್ಟವನು ನಾನು, ನಿಮಗೆ ಗೊತ್ತೇ ಇದೆ. ನಡುವೆ ಗೋಡೆ ಇದ್ದರೆ ಎದುರಿನ ಲಾರಿ ಬಂದು ಗುದ್ದುವ ಹೆದರಿಕೆ ಇಲ್ಲ, ಅದೂ ಸರಿ. ಆದರೆ ಈ ಸುರಕ್ಷತೆ ಎಲ್ಲ ಬೆಲ್ಟ್ ಹಾಕಿ ಒಳಗೆ ಕೂತವನಿಗೆ. ನಡೆಯುವವರನ್ನು ನಕ್ಷೆ ಬರೆದವರು ನೋಡಿಯೇ ಇಲ್ಲವೋ ಏನೋ.

2023ರ ಜೂನ್ 5ರಿಂದ ಕೇರಳದಲ್ಲಿ ಎಐ ಕ್ಯಾಮೆರಾ ದಂಡ ಹಾಕುತ್ತಿದೆ. ಆ ಯೋಜನೆಯಲ್ಲಿ ಒಟ್ಟು 726 ಕ್ಯಾಮೆರಾ. ಹಾಕಲಿ, ಬೇಡ ಅನ್ನುವುದಿಲ್ಲ. ಹೆಲ್ಮೆಟ್ ಇಲ್ಲದ ನನ್ನ ತಲೆ ಅದಕ್ಕೆ ಕಾಣುತ್ತದೆ. ಅಜ್ಜಿಗೆ ದಾಟಲು ದಾರಿ ಇಲ್ಲದ್ದು ಮಾತ್ರ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ.

ಚಹಾ ಅಂಗಡಿಯಲ್ಲಿ ಇದನ್ನು ಹೇಳಿದರೆ ಒಬ್ಬರು, "ಜನಕ್ಕೆ ಶಿಸ್ತಿಲ್ಲ, ರಸ್ತೆ ಎಂತ ಮಾಡೀತು?" ಅಂದರು. ಶಿಸ್ತಿಲ್ಲ, ಒಪ್ಪಿದೆ. ನನಗೂ ಇಲ್ಲ. ಮೊನ್ನೆ ಸುತ್ತು ಹೊಡೆಯಲು ಉದಾಸೀನವಾಗಿ ರಾಂಗ್ ಸೈಡಿನಲ್ಲೇ ಮನೆವರೆಗೆ ಬಂದೆ, ಹಿಂದೆ ಮಗಳನ್ನು ಕೂರಿಸಿಕೊಂಡು. ಅವಳು ಈಗಲೂ ಮಾತಾಡುತ್ತಿಲ್ಲ. ಆದರೆ ಸ್ವೀಡನ್‌ನವರು 1997ರಲ್ಲೇ 'ವಿಷನ್ ಝೀರೋ' ಅಂತ ಸಂಸತ್ತಿನಲ್ಲಿ ಒಪ್ಪಿಕೊಂಡದ್ದು ಇದನ್ನೇ ಅಲ್ವಾ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಅವನು ಸಾಯದ ಹಾಗೆ ರಸ್ತೆ ಕಟ್ಟಬೇಕು. ಇಲ್ಲಿ ಎರಡು ನಿಮಿಷದ ದಾರಿಯನ್ನು ಅರ್ಧ ಗಂಟೆ ಮಾಡಿಟ್ಟು, ಗೋಡೆ ಹತ್ತಿದವರಿಗೆ ಬುದ್ಧಿ ಇಲ್ಲ ಅನ್ನುವುದು!

ಗಂಟೆಗೆ 50 ಕಿಲೋಮೀಟರ್ ವೇಗದ ಕಾರಿಗಿಂತ 65ರ ಕಾರು ಗುದ್ದಿದರೆ ನಡೆಯುವವರು ಸಾಯುವ ಅಪಾಯ ನಾಲ್ಕೂವರೆ ಪಟ್ಟು ಜಾಸ್ತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಆರು ಪಥದಲ್ಲಿ 65ರಲ್ಲಿ ಹೋಗುವ ಪುಣ್ಯಾತ್ಮ ಯಾರಿದ್ದಾರೆ ಹೇಳಿ. ಪೆಟ್ಟು ಜೋರಾದರೆ ಗಡಿ ದಾಟಿ ಮಂಗಳೂರಿಗೇ ಓಡಬೇಕಾದವರು ನಾವು. ಸೇತುವೆ, ಫ್ಲೈಓವರ್ ಎಲ್ಲ ಕಟ್ಟಿದವರಿಗೆ ಜನ ಎಲ್ಲಿ ದಾಟುತ್ತಾರೆ ಅಂತ ಒಂದು ದಿನ ಸುಮ್ನೆ ನಿಂತು ನೋಡಲು ಏನು ಕಷ್ಟವಿತ್ತು?

ಅಜ್ಜಿ ಎಂತ ಆದರು ಅಂತ ಹೇಳಲಿಲ್ಲ ಅಲ್ವಾ? ದಾಟಿದರು. ಬೀಡಿ ಕೊಟ್ಟು, ಹೊಸ ಎಲೆ ತಗೊಂಡು, ವಾಪಸ್ ಬರಲಿಕ್ಕೆ ಮತ್ತೆ ಅದೇ ಗೋಡೆ.