14 ಸೈಟೇಶನ್

ಸೋಮವಾರ ಸಂಜೆ ನನ್ನ ಹತ್ತಿರ ಪಿಎಚ್‌ಡಿ ಮುಗಿಸಿದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಸಂದರ್ಶನ ಇತ್ತು. ಎಲ್ಲಿ ಅನ್ನುವುದು ಬೇಡ. ಒಳಗೆ ಹೋಗಿ ಹೊರಗೆ ಬರಲು ಏಳು ನಿಮಿಷ. ಎಷ್ಟು ಸಂಶೋಧನಾ ಪೇಪರ್? ಮೂರು. ಒಟ್ಟು ಸೈಟೇಶನ್? 14. ಎಚ್-ಇಂಡೆಕ್ಸ್? 2. 'ಆಯ್ತಮ್ಮ, ತಿಳಿಸ್ತೀವಿ.' ಅಷ್ಟೇ. ಸೈಟೇಶನ್ ಅಂದರೆ ನಮ್ಮ ಪೇಪರನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಹೆಸರಿಸಿವೆ ಅನ್ನುವ ಲೆಕ್ಕ. ಎಚ್-ಇಂಡೆಕ್ಸ್ ಆ ಲೆಕ್ಕದಿಂದಲೇ ತೆಗೆಯುವ ಇನ್ನೊಂದು ಅಂಕಿ. ಆ ಮೂರು ಪೇಪರ್‌ಗಳಲ್ಲಿ ಏನಿದೆ ಅಂತ ಐದು ಜನರಲ್ಲಿ ಒಬ್ಬರೂ ಕೇಳಲಿಲ್ಲ.

'ಹಂಗಾದ್ರ ಆರು ವರ್ಷ ನಾ ಏನ್ ಮಾಡ್ದೆ ಸರ್?' ಅಂದಳು. ನನಗೆ ತಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಕೆ ಏನು ಮಾಡಿದಳು ಅಂತ ಮೊದಲು ಹೇಳುತ್ತೇನೆ. ನಮ್ಮ ಕಲಬುರಗಿ ಕಡೆ ತೊಗರಿ ಬೆಳೆಯುವವರಿಗೆ ನೆಟೆ ರೋಗ ಗೊತ್ತು. 2022ರಲ್ಲಂತೂ ಹೊಲಕ್ಕೆ ಹೊಲವೇ ಒಣಗಿ ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ನಿನ್ನೆ ಹಸಿರಾಗಿ ಹೂ ಬಿಟ್ಟಿದ್ದ ಗಿಡ ಇವತ್ತು ತಲೆ ಬಾಗಿಸುತ್ತದೆ. ನೀರು ಕಮ್ಮಿಯಾಗಿದೆ ಅಂದುಕೊಂಡರೆ ಕೆಳಗೆ ಮಣ್ಣು ಇನ್ನೂ ಹಸಿಯಾಗಿಯೇ ಇರುತ್ತದೆ. ಅಂಥ ಗಿಡ ಕಿತ್ತು ಬುಡದ ಹತ್ತಿರ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ಬಿಳಿ ಇರಬೇಕಾದ ಕಡೆ ಕಪ್ಪು ಗೆರೆಗಳು ಮೇಲಕ್ಕೆ ಹತ್ತಿರುತ್ತವೆ. ಫ್ಯುಸೇರಿಯಂ ಉಡಂ ಅನ್ನುವ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ಗಿಡ ನೀರು ಎಳೆಯುವ ನಾಳಗಳನ್ನೇ ಕಟ್ಟಿಬಿಟ್ಟಿರುತ್ತದೆ. ಬೆಳೆ ಕೊಯ್ದ ಮೇಲೂ ಉಳಿದ ಬುಡ, ಬೇರುಗಳಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ.

ಈ ಹುಡುಗಿ ಆಳಂದ, ಚಿಂಚೋಳಿ, ಜೇವರ್ಗಿ ಕಡೆ ಹೊಲ ಹೊಲ ತಿರುಗಿ ಇಂಥ ಕಾಂಡಗಳನ್ನು ತಂದಳು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಕೊಳೆಯುತ್ತವೆ ಅಂತ ಹಳೇ ಪೇಪರಿನಲ್ಲಿ ಸುತ್ತಿ, ಒಂದೊಂದಕ್ಕೂ ಊರು, ಸರ್ವೆ ನಂಬರ್, ತಾರೀಕು ಬರೆದು. ಒಮ್ಮೆ ಆಳಂದದ ಹತ್ತಿರ ಒಬ್ಬ ಅಜ್ಜ ಆಕೆಯ ಕೈಯಿಂದ ಕಾಂಡ ತಗೊಂಡು ಉಗುರಿನಿಂದ ಸಿಪ್ಪೆ ಕೆರೆದು ತೋರಿಸಿ, 'ಅವ್ವಾ, ನಮ್ಮ ಹೊಲದಾಗ ಈ ಬೀಜ ಸಾಯ್ತದ, ಕೆನಾಲ್ ಆಚಿ ಹೊಲದಾಗ ಅದೇ ಬೀಜ ನಿಂತದ. ಯಾಕ ಹೇಳು' ಅಂದರು. ಆಕೆಯ ಇಡೀ ಪಿಎಚ್‌ಡಿ ಆ ಅಜ್ಜನ ಪ್ರಶ್ನೆ. ಎರಡೂ ಕಡೆ ಇರುವುದು ಒಂದೇ ಶಿಲೀಂಧ್ರವಾ, ಬೇರೆ ಬೇರೆಯಾ? ಕಣ್ಣಿಗೆ ಕಾಣಲ್ಲ. ಆಲೂಗಡ್ಡೆ ಅಗರ್ ತಟ್ಟೆಯಲ್ಲಿ ಬೆಳೆಸಬೇಕು, ಬಿಳಿ ಹತ್ತಿಯ ಹಾಗೆ ಹಬ್ಬಿದ್ದನ್ನು ಕೆರೆದು ಡಿಎನ್ಎ ತೆಗೆಯಬೇಕು, ಪಿಸಿಆರ್ ಮಾಡಬೇಕು, ಅಂದರೆ ಆ ಡಿಎನ್ಎಯ ಬೇಕಾದ ತುಣುಕನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ಪ್ರತಿ ಮಾಡಬೇಕು. ಕರೆಂಟ್ ಹೋದರೆ ಮತ್ತೆ ಮೊದಲಿಂದ.

ತೊಗರಿ ಜೂನ್‌ನಲ್ಲಿ ಬಿತ್ತಿದರೆ ಡಿಸೆಂಬರ್, ಜನವರಿಗೆ ಕೊಯ್ಲು. ಒಂದು ಹಂಗಾಮು ತಪ್ಪಿತು ಅಂದ್ರೆ ಒಂದು ವರ್ಷ ಹೋಯ್ತು ಅಂತಲೇ ಲೆಕ್ಕ. ಮೂರು ಹಂಗಾಮಿನ ಮಾಹಿತಿ ಬೇಕಾದರೆ ಮೂರು ವರ್ಷ. ಅದನ್ನು ಅವಸರ ಮಾಡಿಸಲು ಯಾವ ಗೈಡ್‌ಗೂ ಆಗಲ್ಲ. ಆದರೆ ಸಂಶೋಧನಾ ಪತ್ರಿಕೆಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವ ಅಂಕಿ ಲೆಕ್ಕ ಹಾಕುವುದು ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಅಂತ. ಎರಡು ವರ್ಷದಲ್ಲಿ ನಮ್ಮ ಪೇಪರ್ ಓದಿದವರು ಎರಡು ಸಲ ಬಿತ್ತಿರುತ್ತಾರೆ, ಅಷ್ಟೇ. ಅದೂ ಅಲ್ಲದೆ, ಕ್ಯಾನ್ಸರ್ ಜೀನ್ ಮೇಲೆ ಜಗತ್ತಿನಲ್ಲಿ ಸಾವಿರಾರು ಲ್ಯಾಬ್‌ಗಳು ಕೆಲಸ ಮಾಡುತ್ತವೆ. ತೊಗರಿಯ ನೆಟೆ ರೋಗದ ಮೇಲೆ ಎಷ್ಟು? ಓದುವವರೇ ಬೆರಳೆಣಿಕೆಯಷ್ಟಿದ್ದರೆ ಉಲ್ಲೇಖಿಸುವವರು ಎಲ್ಲಿಂದ ಬರಬೇಕು?

ತೊಗರಿ ಕೆಲಸ ದೊಡ್ಡ ಪತ್ರಿಕೆಗೆ ಹೋಗಲ್ಲ ಅಂತ ನಾನು ಹೇಳುತ್ತಿಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸಾಟ್ ಕೃಷಿ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ತೊಗರಿಯ ಜೀನೋಮ್, ಅಂದರೆ ಇಡೀ ಡಿಎನ್ಎ, ಓದಿದ ಪೇಪರ್ 2012ರಲ್ಲಿ ನೇಚರ್ ಬಯೋಟೆಕ್ನಾಲಜಿಯಲ್ಲಿ ಬಂತು. 'ಆಶಾ' ಅನ್ನುವ ತಳಿಯಲ್ಲಿ 48,680 ಜೀನ್‌ಗಳಿರಬಹುದು ಅಂತ ಅದರಲ್ಲಿ ಲೆಕ್ಕ ಹಾಕಿದರು. ಅದಕ್ಕೆ ಬಂದ ಸೈಟೇಶನ್‌ಗಳಿಗೆಲ್ಲ ಅದು ಅರ್ಹ. ಆದರೆ ಕೆನಾಲ್ ಆಚೆಯ ಹೊಲದ ಪ್ರಶ್ನೆಗೆ ಆ ಪೇಪರ್ ಒಂದೇ ಉತ್ತರ ಕೊಡಲ್ಲ. ಅದಕ್ಕೆ ಈ ಕಡೆಯ ಒಬ್ಬರು ಚಾಕು ಹಿಡಿದು ಹೊಲಕ್ಕೆ ಇಳಿಯಲೇಬೇಕು.

ಸೈಟೇಶನ್ ಜಾಸ್ತಿ ಇದ್ದರೆ ಕೆಲಸ ದೊಡ್ಡದು ಅನ್ನುವವರು ಸ್ವಲ್ಪ ಇದನ್ನು ನೋಡಬೇಕು. ಇದುವರೆಗೆ ಅತಿ ಹೆಚ್ಚು ಸೈಟೇಶನ್ ಬಂದ ಪೇಪರ್ ಅಂತ ದಶಕಗಳಿಂದ ಹೆಸರಾಗಿರುವುದು 1951ರ ಲೌರಿ ಪೇಪರ್. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೀಲಿ ಬಣ್ಣ ನೋಡಿ ಅಳೆಯುವ ವಿಧಾನ. ಬಿಎಸ್‌ಸಿ ಬಯೋಕೆಮಿಸ್ಟ್ರಿ ಮಾಡಿದ ನಮ್ಮ ಮಕ್ಕಳೆಲ್ಲ ಮಾಡಿದ್ದಾರೆ. ಅದಕ್ಕೆ 3 ಲಕ್ಷಕ್ಕೂ ಜಾಸ್ತಿ ಸೈಟೇಶನ್. ಅದೇನು ಅಂಥ ದೊಡ್ಡ ಪೇಪರ್ ಅಲ್ಲ ಅಂತ ಲೌರಿಯವರೇ ಹೇಳಿದ್ದರು. ಡಿಎನ್ಎಯ ರಚನೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪೇಪರ್? 2014ರಲ್ಲಿ ನೇಚರ್ ಪತ್ರಿಕೆ ಮಾಡಿದ ಮೊದಲ ನೂರರ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ದಿನಾ ಬಳಸುವ ವಿಧಾನಕ್ಕೆ ಸೈಟೇಶನ್ ಬರುತ್ತಲೇ ಇರುತ್ತದೆ. ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋದ ವಿಷಯಕ್ಕೆ ಯಾರೂ ಹೆಸರು ಹಾಕಲ್ಲ.

ನನಗೆ ಇನ್ನೂ ಇಷ್ಟವಾದ ಉದಾಹರಣೆ ಜೆಫ್ ಡಾಯ್ಲ್ ಮತ್ತು ಜೇನ್ ಡಾಯ್ಲ್ ಅವರದು. ಎಲೆಯಿಂದ ಡಿಎನ್ಎ ತೆಗೆಯುವ ಅವರ ಸಿಟಿಎಬಿ (ಅದೊಂದು ರಾಸಾಯನಿಕ) ವಿಧಾನ ಬಳಸದ ಸಸ್ಯ ಲ್ಯಾಬ್ ಹುಡುಕುವುದೇ ಕಷ್ಟ. 1987ರಲ್ಲಿ ಅದು ಬಂದಿದ್ದು ಫೈಟೋಕೆಮಿಕಲ್ ಬುಲೆಟಿನ್ ಅನ್ನುವ ಪುಟ್ಟ ವಾರ್ತಾಪತ್ರದಲ್ಲಿ. ಸೋಮವಾರದ ಆ ಕೋಣೆಯಲ್ಲಿ ಅದನ್ನು ಇಟ್ಟಿದ್ದರೆ 'ಇದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟಮ್ಮ?' ಅಂತ ಕೇಳಿ ಪಕ್ಕಕ್ಕೆ ಸರಿಸುತ್ತಿದ್ದರು.

ಅವತ್ತು ರಾತ್ರಿ ಊಟ ಆದ ಮೇಲೆ ನಾನು ಒಂದು ಕೆಲಸ ಮಾಡಿದೆ. ಆಕೆಯ 14 ಸೈಟೇಶನ್‌ಗಳನ್ನೂ ಒಂದೊಂದಾಗಿ ತೆರೆದು ಓದಿದೆ. ಎರಡು ನಮ್ಮದೇ, ಅಂದರೆ ಆಕೆಯ ಮುಂದಿನ ಪೇಪರ್‌ಗಳಲ್ಲಿ ಹಿಂದಿನದನ್ನು ಹೆಸರಿಸಿದ್ದು. ಒಂಬತ್ತರಲ್ಲಿ 'ನೆಟೆ ರೋಗದ ಬಗ್ಗೆ ಹಲವರು ಕೆಲಸ ಮಾಡಿದ್ದಾರೆ' ಅನ್ನುವ ಒಂದೇ ಸಾಲು, ಅದರ ಹಿಂದೆ ಹತ್ತು ಹೆಸರು. ಅದರಲ್ಲಿ ಈಕೆಯದೂ ಒಂದು. ಇನ್ನೊಂದರಲ್ಲಿ ಆಕೆ ಹೇಳಿದ್ದಕ್ಕೆ ತಿರುಗುಮುರುಗಾಗಿ ಬರೆದಿದ್ದಾರೆ, ಪೇಪರ್ ತೆರೆದೇ ನೋಡಿಲ್ಲ ಅನ್ನುವುದು ಗೊತ್ತಾಗುತ್ತದೆ. ಉಳಿದ ಎರಡು ಮಾತ್ರ ನಿಜವಾದವು. ಅವರು ಆಕೆಯ ಪೇಪರ್ ಪಕ್ಕದಲ್ಲಿಟ್ಟುಕೊಂಡು, ಆಕೆ ಕಾಂಡದ ಯಾವ ಎತ್ತರದಲ್ಲಿ ಚೂರು ಕತ್ತರಿಸಿದಳೋ ಅಲ್ಲೇ ಕತ್ತರಿಸಿ, ತಮ್ಮ ಊರಿನ ಹೊಲದ ಮಾದರಿಗಳ ಜೊತೆ ಹೋಲಿಸಿದ್ದಾರೆ. ಲೆಕ್ಕದಲ್ಲಿ ಈ 14ಕ್ಕೂ ಒಂದೇ ಬೆಲೆ. ಪೇಪರ್ ತೆರೆದೇ ನೋಡದವರದೂ ಒಂದು, ಇವರದೂ ಒಂದು.

ಈ ಲೆಕ್ಕ ಶುರುವಾಗಿದ್ದು ಮನುಷ್ಯರನ್ನು ತೂಗೋಕೆ ಅಲ್ಲ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದದ್ದು ಒಂದು ಪೇಪರಿನ ವಿಚಾರವನ್ನು ಆಮೇಲೆ ಯಾರು ಮುಂದುವರಿಸಿದರು ಅಂತ ಹುಡುಕಲು. ಇಂಪ್ಯಾಕ್ಟ್ ಫ್ಯಾಕ್ಟರ್ ಹುಟ್ಟಿದ್ದು ಆ ಸೂಚಿಗೆ ಯಾವ ಪತ್ರಿಕೆ ಸೇರಿಸಬೇಕು ಅಂತ ಆರಿಸಲು. ಎಚ್-ಇಂಡೆಕ್ಸ್ ಮಾತ್ರ ವ್ಯಕ್ತಿಗೇ ಅಂತ ಮಾಡಿದ್ದು, 2005ರಲ್ಲಿ, ಹಿರ್ಷ್ ಅನ್ನುವ ಭೌತವಿಜ್ಞಾನಿ. ಹತ್ತು ಪೇಪರ್‌ಗೆ ತಲಾ ಹತ್ತಾದರೂ ಸೈಟೇಶನ್ ಇದ್ದರೆ ಎಚ್-ಇಂಡೆಕ್ಸ್ 10. ಹಾಗಾಗಿ ಮೂರೇ ಪೇಪರ್ ಬರೆದವಳು ಏನೇ ಕಂಡುಹಿಡಿದರೂ 3 ದಾಟಲ್ಲ.

ನಮ್ಮಲ್ಲಿ ಯುಜಿಸಿ 2010ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಎಪಿಐ ಅನ್ನುವ ಅಂಕ ತಂದ ಮೇಲೆ ಏನಾಯಿತು ಅಂತ ಕಾಲೇಜಿನಲ್ಲಿ ಇರುವವರಿಗೆ ಗೊತ್ತು. ದುಡ್ಡು ಕಟ್ಟಿದರೆ ವಾರದಲ್ಲಿ ಪೇಪರ್ ಹಾಕುವ ಪತ್ರಿಕೆಗಳು ಬಂದವು. ಅವನ್ನು ತಡೆಯಲು ಯುಜಿಸಿ ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ತೆಗೆದರು. ಪಿಎಚ್‌ಡಿ ಸಲ್ಲಿಸುವ ಮೊದಲು ಪೇಪರ್ ಬರಲೇಬೇಕು ಅನ್ನುವ ನಿಯಮವನ್ನು 2022ರಲ್ಲೇ ಕೈಬಿಟ್ಟರು, ಅದು ಒಳ್ಳೇದಾಯಿತು. ಆದರೆ ಸಂದರ್ಶನದ ಕೋಣೆಯೊಳಗೆ ಇನ್ನೂ ಅದೇ ಎಣಿಕೆ.

ಎಣಿಕೆ ಪೂರ್ತಿ ಬೇಡ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಯಾಕೆ ಅಂದರೆ ಎಣಿಕೆ ಹೋದ ಕಡೆ ವಶೀಲಿ ಬರುತ್ತದೆ. ಯಾದಗಿರಿಯ ಹಳ್ಳಿಯಿಂದ ಬಂದ, ಹೇಳುವವರು ಕೇಳುವವರು ಯಾರೂ ಇಲ್ಲದ ಹುಡುಗನಿಗೆ 'ನನ್ನ ಪೇಪರ್ ಅವನಿಗಿಂತ ಜಾಸ್ತಿ ಇವೆ' ಅನ್ನುವುದೊಂದೇ ಆಸರೆ. ನನಗೂ ಕೆಲಸ ಸಿಕ್ಕಿದ್ದು ಹಾಗೇ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೂ ಎಣಿಸಿದ ಮೇಲೆ ಓದಲೂಬೇಕಲ್ವಾ?

ಚಿಕ್ಕವನಿದ್ದಾಗ ಅಪ್ಪನ ಜೊತೆ ತೊಗರಿ ಚೀಲ ತಗೊಂಡು ಗಂಜ್‌ಗೆ ಬರುತ್ತಿದ್ದೆ. ಖರೀದಿ ಮಾಡುವವರು ಚೀಲ ಎಷ್ಟು ಅಂತ ಕೇಳುತ್ತಿದ್ದರು, ನಿಜ. ಆದರೆ ಅಷ್ಟಕ್ಕೇ ರೇಟು ಹೇಳಿದವರನ್ನು ನಾನು ನೋಡಿಲ್ಲ. ಚೀಲದ ಬಾಯಿ ಬಿಚ್ಚಿ ಮೊಳಕೈವರೆಗೆ ಕೈ ಇಳಿಸಿ, ತಳದ ಕಾಳು ತೆಗೆದು ಅಂಗೈ ಮೇಲೆ ಹರಡುತ್ತಿದ್ದರು. ಊದಿ ಹೊಟ್ಟು ಹಾರಿಸಿ, ಒಂದು ಕಾಳು ಹಲ್ಲಿನಲ್ಲಿ ಕಡಿದು ಹಸಿ ಇದೆಯಾ ನೋಡಿ, ಆಮೇಲೆ ಮಾತು. ಒಂದು ಚೀಲ ತೊಗರಿಗೆ ಕೊಟ್ಟಷ್ಟು ಹೊತ್ತನ್ನು ಆರು ವರ್ಷದ ಕೆಲಸಕ್ಕೆ ಕೊಡಿ ಅಂತ ಕೇಳುವುದು ಜಾಸ್ತಿಯಾಯಿತೇ?

ಮಾಡುವುದು ಕಷ್ಟವೂ ಅಲ್ಲ. ಜರ್ಮನಿಯಲ್ಲಿ ಸಂಶೋಧನೆಗೆ ಹಣ ಕೊಡುವ ಡಿಎಫ್‌ಜಿ ಸಂಸ್ಥೆ 2010ರಲ್ಲೇ ಒಂದು ಅರ್ಜಿಯಲ್ಲಿ ಐದೇ ಪ್ರಕಟಣೆ ತೋರಿಸಬಹುದು ಅಂತ ಮಿತಿ ಹಾಕಿತು. 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯೂ ಪತ್ರಿಕೆಯ ಅಂಕಿ ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಅಂತಲೇ ಹೇಳುತ್ತದೆ. ಅದು ಹುಟ್ಟಿದ್ದೂ ಜೀವಕೋಶ ವಿಜ್ಞಾನಿಗಳ ಸಭೆಯಲ್ಲಿ. ನಮ್ಮ ಆಯ್ಕೆ ಸಮಿತಿಗಳು ಇಷ್ಟು ಮಾಡಲಿ: ಅಭ್ಯರ್ಥಿ ತನ್ನ ಒಳ್ಳೆಯ ಎರಡು ಪೇಪರ್ ಮೊದಲೇ ಕಳಿಸಲಿ, ಇಬ್ಬರು ಸದಸ್ಯರು ಓದಿಕೊಂಡು ಬರಲಿ, ಹದಿನೈದು ನಿಮಿಷ ಅದರ ಮೇಲೇ ಪ್ರಶ್ನೆ ಕೇಳಲಿ. ದುಡ್ಡು ಕೊಟ್ಟು ಹಾಕಿಸಿದ ಪೇಪರ್ ಮೂರನೇ ಪ್ರಶ್ನೆಗೇ ಬಯಲಾಗುತ್ತದೆ.

ಆಕೆಯ ಕೆಲಸವನ್ನು ನಿಜವಾಗಿ ಬಳಸಿಕೊಂಡ ಆ ಎರಡು ಪೇಪರ್‌ಗಳನ್ನು ಆಕೆಗೆ ವಾಟ್ಸಾಪ್ ಮಾಡಿದ್ದೇನೆ, ಆಕೆಯ ಹೆಸರು ಬಂದ ಸಾಲುಗಳಿಗೆ ಹಳದಿ ಬಣ್ಣ ಬಳಿದು. ರಾತ್ರಿ ಹನ್ನೊಂದೂವರೆಗೆ ಉತ್ತರ ಬಂತು: 'ಸರ್, ಇವರು 30 ಗಿಡ ಅಷ್ಟೇ ನೋಡ್ಯಾರ. ಸಾಲಂಗಿಲ್ಲ.' ಈಗ ತೊಗರಿ ಹೂವಿನಲ್ಲಿದೆ, ನೆಟೆ ಎದ್ದು ಕಾಣುವ ಹೊತ್ತು. ಶನಿವಾರ ಬೆಳಿಗ್ಗೆ ಆರರ ಬಸ್ಸಿಗೆ ಆಳಂದಕ್ಕೆ ಹೊರಟಿದ್ದೇವೆ, ಆ ಅಜ್ಜನ ಹೊಲಕ್ಕೆ.